‘ನೋ’ ಅನ್ನಬಾರದ ಭಾನುವಾರಗಳು

ಕಳೆದ ತಿಂಗಳು ಗೆಳತಿಯೊಬ್ಬಳ ಮದುವೆಗೆಂದು ತಿ. ನರಸೀಪುರದಿಂದ ನಂಜನಗೂಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಸಣ್ಣಗೆ ಮಳೆ. ಊರು ಹತ್ತಿರವಾಗುತ್ತಿದ್ದಂತೆ ಪಕ್ಕದ ಹೆಂಗಸು ಕಿಟಕಿ ಸರಿಸಿದಳು. ಕಾರ್ಖಾನೆಗಳ ಕಡೆಯಿಂದ ಪಡುವಣ ಗಾಳಿ ಹೊತ್ತು ತಂದ ಹುರಿದ ಕಾಫಿಯ ವಾಸನೆ ಒದ್ದೆ ಮಣ್ಣಿನ ವಾಸನೆಯ ಜೊತೆ ಸೇರಿ ಒಳಗೆ ನುಗ್ಗಿತು. ವಾಸನೆ ನೆನಪನ್ನು ಕೆದಕುತ್ತದೆ ಅನ್ನುವುದನ್ನು ನಾನು ನಂಬುವವಳಲ್ಲ. ಡಿಬೇಟಿನಲ್ಲಿ ಯಾರಾದರೂ ಅಂಥ ಮಾತಾಡಿದರೆ ಪುರಾವೆ ಎಲ್ಲಿ ಎಂದು ಕೇಳುತ್ತಿದ್ದೆ. ಆದರೂ ಅವತ್ತು, ಕಿಟಕಿ ಮುಚ್ಚಿ ಅನ್ನಬೇಕಾಯಿತು.

"ಯಾಕವ್ವ, ಮಳೆ ಎರಚಲು ಬತ್ತಾ ಅದಾ?" ಎಂದಳು ಆಕೆ.

ಹೌದು ಎಂದೆ. ಎರಚಲು ಬರುತ್ತಿರಲಿಲ್ಲ. ನಿಂಗರಾಜು ಮೇಷ್ಟ್ರ ಮನೆಯ ಹಾಲಿನಲ್ಲಿ ಕೂತಂತಾಗಿತ್ತು, ಅಷ್ಟೆ.

ಅದು ಕೆಲವು ವರ್ಷಗಳ ಹಿಂದಿನ ಮಳೆಗಾಲ. ಎಂ.ಎ. ಮುಗಿಸಿ, ಕೆಲಸ ಸಿಗದೆ, ತಿ. ನರಸೀಪುರದ ಮನೆಯಲ್ಲಿ ಕೂತಿದ್ದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಕಾಲೇಜಿನ ವರ್ಷಗಳಲ್ಲಿ ಜಿಲ್ಲೆಯ ಅರ್ಧ ವೇದಿಕೆಗಳನ್ನು ಹತ್ತಿ, ಎದುರಿಗೆ ನಿಂತವರು ತಪ್ಪು ಎಂದು ಸಾಧಿಸಿ, ಕಪ್ಪು ಹಿಡಿದುಕೊಂಡು ಬಂದವಳು. ತಪ್ಪನ್ನು ತಪ್ಪು ಅನ್ನದೆ ಸುತ್ತಿ ಬಳಸಿ ಮಾತಾಡುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅದು ಹೇಡಿತನ ಅನ್ನುವುದು ನನ್ನ ವಾದ. ಕೊನೆಯ ವರ್ಷದ ಒಂದು ಸ್ಪರ್ಧೆಯಲ್ಲಿ ಮಾತ್ರ ನನಗೆ ಎರಡನೇ ಬಹುಮಾನ ಕೊಟ್ಟುಬಿಟ್ಟರು. ತೀರ್ಪುಗಾರರಲ್ಲಿ ಹಿರಿಯರು, ನಿವೃತ್ತ ಇಂಗ್ಲಿಷ್ ಮೇಷ್ಟ್ರು ನಿಂಗರಾಜು. ನಾನು ಅವರ ಹತ್ತಿರ ನೆಟ್ಟಗೆ ಹೋಗಿ ಯಾಕೆ ಎಂದು ಕೇಳಿದ್ದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನೀನು ಹೇಳಿದ್ದೆಲ್ಲ ಸರಿ ಲಾಯರಮ್ಮ. ಎದುರಿಗಿದ್ದ ಹುಡುಗಿ ಮಾತು ನಿನಗೆ ಕೇಳಿಸ್ತೋ ಅಂತ ಮಾತ್ರ ನನಗೊಂದು ಸಣ್ಣ ಅನುಮಾನ."

ಕೆನ್ನೆಗೆ ಹೊಡೆದಿದ್ದರೆ ವಾದ ಮಾಡಬಹುದಿತ್ತು. ಸಣ್ಣ ಅನುಮಾನಕ್ಕೆ ಏನು ಉತ್ತರ ಕೊಡುವುದು? ಆ ಸಿಟ್ಟಿಗೇ ಇರಬೇಕು, ಭಾನುವಾರದ ಕ್ಲಾಸಿಗೆ ಬಾ ಎಂದು ಅವತ್ತೇ ಅವರು ಕರೆದದ್ದು ನೆನಪಾಗಿ, ಆ ಮಳೆಗಾಲ ಪ್ರತಿ ವಾರ ನಂಜನಗೂಡಿನ ಬಸ್ಸು ಹತ್ತಿದೆ.

ಮೇಷ್ಟ್ರ ಮನೆ ಊರ ಹೊರಗಿನ ಬಡಾವಣೆಯಲ್ಲಿತ್ತು. ಗಾಳಿ ತಿರುಗಿದರೆ ಮನೆತುಂಬ ಕಾಫಿಯ ವಾಸನೆ. ಹಾಲಿನ ಗೋಡೆಯ ಮೇಲೆ ಬುದ್ಧನ ಒಂದು ಪಟ, ಕೆಳಗೆ ಎದುರು ಬದುರಾಗಿ ಎರಡು ಪ್ಲಾಸ್ಟಿಕ್ ಕುರ್ಚಿ, ಸುತ್ತ ಚಾಪೆಯ ಮೇಲೆ ಕಾರ್ಖಾನೆಯ ಹುಡುಗರು, ನರ್ಸಿಂಗ್ ಓದುವ ಹುಡುಗಿಯರು. ಹೆಸರಿಗೆ ಸ್ಪೋಕನ್ ಇಂಗ್ಲಿಷ್ ಕ್ಲಾಸು. ಕಲಿಸುತ್ತಿದ್ದದ್ದು ಮಾತ್ರ ಒಂದೇ ವಿದ್ಯೆ: ಅನುಮಾನ ಪಡುವುದು, ಒಪ್ಪಿಗೆ ಇಲ್ಲ ಎಂದು ತಿಳಿಸುವುದು. ಒಂದು ಕುರ್ಚಿಯವರು ಏನಾದರೂ ಒಂದು ಮಾತು ಹೇಳಬೇಕು. ಎದುರು ಕುರ್ಚಿಯವರು ಅದನ್ನು ಇಂಗ್ಲಿಷಿನಲ್ಲಿ ಅಲ್ಲಗಳೆಯಬೇಕು. ಆದರೆ ‘ನೋ’ ಅನ್ನಬಾರದು. ಬಾಯಿತಪ್ಪಿ ‘ನೋ’ ಅಂದವರು ಸೋತಂತೆ. ಬೀದಿಯ ಕೊನೆಯ ಅಂಗಡಿಗೆ ಹೋಗಿ ಎಲ್ಲರಿಗೂ ರಸಬಾಳೆ ತರಬೇಕು.

ಎಲ್ಲರಿಗಿಂತ ಹೆಚ್ಚು ಬಾಳೆಹಣ್ಣು ತಂದವನು ಲಿಂಗರಾಜು. ಸುತ್ತೂರಿನ ಕಡೆಯವನು, ಮನೆಯವರದು ಬೂಸಾ, ಹಿಂಡಿ ವ್ಯಾಪಾರ. ಕಿಲೋ ಲೆಕ್ಕದಲ್ಲಿ, ನೇರವಾಗಿ ಮಾತಾಡಿ ಬೆಳೆದ ಬಾಯಿ.

"ಲಿಂಗರಾಜು, ನಂಜನಗೂಡಿಗಿಂತ ಮೈಸೂರಿನ ಬಿಸಿಲು ಜಾಸ್ತಿ ಅಂತೀನಿ ನಾನು. ನೀನೇನಂತೀಯ?" ಅನ್ನುವರು ಮೇಷ್ಟ್ರು.

"ನೋ ಸಾ!"

"ಬಾಳೆಹಣ್ಣು."

"ಅಯ್ಯೋ, ಬಿಸ್ಲುಗೂ ಬಳಸ್ಕೊಂಡು ಮಾತಾಡ್ಬೇಕಾ ಸಾ? ಬಿಸ್ಲು ಏನ್ ಬೇಜಾರ್ ಮಾಡ್ಕೊಂಡದಾ?"

ಚಾಪೆಯೆಲ್ಲ ನಗುತ್ತಿತ್ತು. ಮೇಷ್ಟ್ರು ನಗದೆ ವಿವರಿಸುವರು. ಇಂಗ್ಲಿಷಿನವರ ಸಿಟ್ಟು ಏರಿದಷ್ಟೂ ದನಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ‘ಐ ಆಮ್ ನಾಟ್ ಸೋ ಶ್ಯೂರ್’ ಅಂದರೆ ಖಾತ್ರಿಯಿಲ್ಲ ಅಂತಲ್ಲ. ನೀನು ಹೇಳುತ್ತಿರುವುದು ತಪ್ಪು ಅಂತ. ‘ಇಂಟರೆಸ್ಟಿಂಗ್’ ಅಂದರೆ ಮೆಚ್ಚುಗೆಯಲ್ಲ. ಈ ವಿಷಯ ಇಲ್ಲಿಗೆ ಬಿಡೋಣ ಅಂತ. ‘ವಿತ್ ಆಲ್ ಡ್ಯೂ ರೆಸ್ಪೆಕ್ಟ್’ ಎಂದು ಶುರು ಮಾಡಿದರೋ, ಗೌರವ ಅಲ್ಲಿಗೆ ಮುಗಿಯಿತು. ‘ನಾಟ್ ವೆರಿ ಹ್ಯಾಪಿ’ ಅಂದರೆ ಎದ್ದು ಬಾಗಿಲ ಕಡೆ ನೋಡಿಕೋ.

ಒಳಗಿಂದ ಕಾಫಿ ತರುತ್ತಿದ್ದವರು ಅವರ ಹೆಂಡತಿ ಚಿಕ್ಕತಾಯಮ್ಮ. ಅಂಗನವಾಡಿ ಟೀಚರು, ಊರಿನ ಒಂದು ತಲೆಮಾರಿನ ಮೂಗು ಒರೆಸಿದ ಕೈ. ಅವರ ಕಾಫಿಗೆ ಮೇಷ್ಟ್ರ ಪ್ರಮಾಣಪತ್ರ ಯಾವಾಗಲೂ ಒಂದೇ: "ನಾಟ್ ಬ್ಯಾಡ್."

"ನೋಡವ್ವ," ಎಂದಿದ್ದರು ಚಿಕ್ಕತಾಯಮ್ಮ ಮೊದಲ ದಿನವೇ ನನ್ನ ಹತ್ತಿರ, "ಮದ್ವೆ ಆದಾಗ್ಲಿಂದ ಇದ್ನೇ ಏಳ್ತಾವ್ರೆ. ನಾಟ್ ಬ್ಯಾಡ್. ಕೆಟ್ಟದಾಗಿಲ್ಲ ಅಂತೆ. ಒಂದಪ ಆದ್ರೂ ಚೆನ್ನಾಗದೆ ಅಂದ್ರೆ ಗಂಟೇನೋಯ್ತದಾ?"

"ಇಂಗ್ಲಿಷಲ್ಲಿ ಅದು ದೊಡ್ಡ ಹೊಗಳಿಕೆ ಕಣಮ್ಮಿ."

"ಕಾಫಿ ಕಾಸಿದ್ದು ಕನ್ನಡ್ದಲ್ಲಿ ಮೇಷ್ಟ್ರೇ."

ಊರಿನವರಂತೆ ಅವರೂ ಗಂಡನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದರು.

ನಾನು ಕ್ಲಾಸಿನಲ್ಲಿ ಕಲಿಯಲು ಹೋದವಳಲ್ಲ, ಜಗಳ ಆಡಲು ಹೋದವಳು. ಒಂದು ಭಾನುವಾರ ಎಲ್ಲರೂ ಹೋದಮೇಲೆ ಕೇಳಿಯೇಬಿಟ್ಟೆ: "ಸರ್, ಇದು ಸಭ್ಯತೆಯೋ ಸುಳ್ಳೋ? ತಪ್ಪು ಅನ್ನೋದನ್ನ ತಪ್ಪು ಅನ್ನೋಕೆ ಇಷ್ಟೆಲ್ಲ ಮೆತ್ತೆ ಯಾಕೆ ಸುತ್ತಬೇಕು? ಈ ಹುಡುಗರಿಗೆ ಹೆದರೋದನ್ನ ಕಲಿಸ್ತಿದ್ದೀರಿ ನೀವು."

ಮೇಷ್ಟ್ರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಅವರ ಅಪ್ಪನ ವಿಷಯ ಹೇಳಿದರು. ತಲಕಾಡಿನ ಹತ್ತಿರದ ಹಳ್ಳಿ, ಗೌಡರ ಗದ್ದೆಯಲ್ಲಿ ಜೀತ. ಗೌಡರು ಏನು ಹೇಳಿದರೂ ಅಪ್ಪನ ಬಾಯಲ್ಲಿ ಬರುತ್ತಿದ್ದದ್ದು "ಆಯ್ತು ಬುದ್ಧಿ" ಅನ್ನುವುದು ಮಾತ್ರ. ಮಗನನ್ನು ಸ್ಕೂಲು ಬಿಡಿಸಿ ಎಮ್ಮೆ ಮೇಯಿಸಲು ಕಳಿಸು ಎಂದಾಗಲೂ "ಆಯ್ತು ಬುದ್ಧಿ". ಕಳಿಸಲಿಲ್ಲ, ಅದು ಬೇರೆ. ತಲಕಾಡಿನ ಮರಳಿನ ದಿಬ್ಬದ ಹಿಂದೆ ಮಗನನ್ನು ಬಚ್ಚಿಟ್ಟು ಬೆಳಗಿನ ಬಸ್ಸು ಹತ್ತಿಸಿದ. ಆದರೆ ಆಗಲ್ಲ ಎಂದು ಒಂದು ಸಲವೂ ಬಾಯಿಬಿಟ್ಟು ಹೇಳಲಾಗದೆ ಸತ್ತ.

"ಹಾಸ್ಟೆಲ್ಲಿಗೆ ಬಂದಮೇಲೆ ಇಂಗ್ಲಿಷ್ ಪುಸ್ತಕದಲ್ಲಿ ಒಂದು ವಾಕ್ಯ ಓದಿದೆ. ‘ಐ ಆಮ್ ಅಫ್ರೇಡ್ ಐ ಕೆನಾಟ್ ಅಗ್ರೀ.’ ನನಗೆ ಹೆದರಿಕೆಯಾಗುತ್ತಿದೆ, ಒಪ್ಪಲಾರೆ. ಹೆದರಿಕೆ ಅಂತಾರೆ, ಹೆದರಿರೋದಿಲ್ಲ. ಒಪ್ಪಲ್ಲ ಅಂತಾರೆ, ಯಾರೂ ಹೊಡೆಯೋದಿಲ್ಲ. ನಮ್ಮಪ್ಪನಿಗೆ ನಿಜವಾಗಲೂ ಹೆದರಿಕೆ ಇತ್ತು, ವಾಕ್ಯ ಇರಲಿಲ್ಲ. ನಿನ್ನ ನೇರ ಮಾತು ಚೆಂದವೇ ಲಾಯರಮ್ಮ. ಆದರೆ ಹೊಡೆತ ತಿನ್ನುವ ಭಯ ಇಲ್ಲದವರಿಗೆ ಅದು ಸುಲಭ."

ಇದಕ್ಕೆ ಪ್ರತಿವಾದ ನನ್ನಲ್ಲಿ ಇತ್ತು. ಭಯ ಹೋದಮೇಲೂ ಮೆತ್ತೆ ಯಾಕೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅವರ ದನಿ ಹೇಳುತ್ತ ಹೇಳುತ್ತ ಒಡೆದಿತ್ತು. ದುಃಖಕ್ಕೆ ಎಂದುಕೊಂಡೆ.

ದುಃಖಕ್ಕಲ್ಲ. ಮುಂದಿನ ಭಾನುವಾರವೂ ಹಾಗೇ ಇತ್ತು, ಅದರ ಮುಂದಿನದೂ. ಮರಳು ಕಾಗದ ಉಜ್ಜಿದಂಥ ದನಿ. ಮಳೆಯ ತಂಡಿ ಎಂದರು. ಕಷಾಯ ಕುಡಿದರು. ಲಿಂಗರಾಜು ಜೇನುತುಪ್ಪ ತಂದುಕೊಟ್ಟ. ನನಗೆ ಕಷಾಯದ ಮೇಲೆ ನಂಬಿಕೆಯಿಲ್ಲ, ಜೇನುತುಪ್ಪದ ಮೇಲೂ ಇಲ್ಲ. ನೇರವಾಗಿ ಹೇಳಿದೆ: "ಸರ್, ಇದು ತಂಡಿಯಲ್ಲ. ಆಸ್ಪತ್ರೆಗೆ ನಡೀರಿ."

"ಅದನ್ನೇ ‘ಐ ವಂಡರ್ ಇಫ್’ ಅಂತ ಶುರು ಮಾಡಿ ಹೇಳು ನೋಡೋಣ."

"ಐ ವಂಡರ್ ಇಫ್ ನೀವು ಬಸ್ಸು ಹತ್ತುತ್ತೀರೋ, ನಾನೇ ಎಳ್ಕೊಂಡು ಹೋಗ್ಬೇಕೋ."

"ನಾಟ್ ಬ್ಯಾಡ್," ಎಂದು ಎದ್ದರು.

ಮೈಸೂರಿನ ದೊಡ್ಡ ಆಸ್ಪತ್ರೆ. ಪರೀಕ್ಷೆಗಳೆಲ್ಲ ಮುಗಿದು, ಫಲಿತಾಂಶ ಕೇಳುವ ದಿನ ನಾವು ಮೂವರೂ ಡಾಕ್ಟರ ಎದುರು ಕೂತೆವು: ಮೇಷ್ಟ್ರು, ಚಿಕ್ಕತಾಯಮ್ಮ, ನಾನು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಇವರು ಇಂಗ್ಲಿಷ್ ಮೇಷ್ಟ್ರು ಎಂದು ತಿಳಿದು ಅವರಿಗೆ ಉಸಿರು ಬಂದಂತಾಯಿತು. ಇಂಗ್ಲಿಷಿನಲ್ಲೇ ಮಾತಾಡಿದರು. ಗಂಟಲಿನ ಚಿತ್ರ ತೋರಿಸುತ್ತ, ‘ಐ ವುಡೆಂಟ್ ಸೇ ಐ ಆಮ್ ವೆರಿ ಹ್ಯಾಪಿ ವಿತ್ ದಿಸ್’ ಎಂದರು. ಧ್ವನಿಪೆಟ್ಟಿಗೆಯನ್ನು ತೆಗೆಯುವುದರ ಬಗ್ಗೆ ‘ಯು ಮೈಟ್ ವಾಂಟ್ ಟು ಥಿಂಕ್ ಅಬೌಟ್’ ಎಂದರು. ತೆಗೆಯದಿದ್ದರೆ ‘ಥಿಂಗ್ಸ್ ಮೇ ನಾಟ್ ಬಿ ಸೋ ಈಸಿ’. ತೆಗೆದರೆ ‘ಇಟ್ ಈಸ್ ನಾಟ್ ವಿದೌಟ್ ಹೋಪ್’.

ಆ ಮಳೆಗಾಲವಿಡೀ ಕ್ಲಾಸಿನಲ್ಲಿ ಕೇಳಿದ ಮಾತಿನ ಮೆಟ್ಟಿಲುಗಳೆಲ್ಲ ಒಂದೇ ಸಲಕ್ಕೆ ಕೆಳಗಿಳಿಯುತ್ತಿದ್ದವು. ಯೋಚಿಸಿ ನೋಡಬಹುದು ಅಂದರೆ ಬೇರೆ ದಾರಿಯಿಲ್ಲ. ಸುಲಭವಾಗಲಿಕ್ಕಿಲ್ಲ ಅಂದರೆ ಸಾವು. ಮೇಷ್ಟ್ರು ಮಾತ್ರ ಒಳ್ಳೆಯ ವಿದ್ಯಾರ್ಥಿಯ ಉತ್ತರ ಕೇಳುವವರಂತೆ ತಲೆದೂಗುತ್ತಿದ್ದರು.

"ಏನಂದ್ರು?" ಎಂದರು ಚಿಕ್ಕತಾಯಮ್ಮ, ಹೊರಗೆ ಬಂದಮೇಲೆ.

ನಾನು ಬಾಯಿ ತೆರೆದೆ. ಮೇಷ್ಟ್ರು ನನಗಿಂತ ಮುಂಚೆ ಹೇಳಿದರು: "ನಾಟ್ ವೆರಿ ಹ್ಯಾಪಿ ಅಂದ್ರು ಕಣಮ್ಮಿ. ಡಾಕ್ಟರಿಗೆ ಅಷ್ಟೊಂದು ಸಂತೋಷ ಇಲ್ವಂತೆ. ಮನೇಲಿ ಏನೋ ತೊಂದರೆ ಇರಬೇಕು, ಪಾಪ."

ಚಿಕ್ಕತಾಯಮ್ಮ ನಕ್ಕರು. ಗಂಡನ ಮುಖ ನೋಡಿದರು, ನನ್ನ ಮುಖ ನೋಡಿದರು, ಚೀಲದಿಂದ ಕಾಫಿಯ ಫ್ಲಾಸ್ಕು ತೆಗೆದರು. ಮೂವರೂ ಮೆಟ್ಟಿಲ ಮೇಲೆ ಕೂತು ಕುಡಿದೆವು.

ಬಸ್ ಸ್ಟ್ಯಾಂಡಿನಲ್ಲಿ ಆಕೆ ನೀರಿನ ಬಾಟಲಿ ತರಲು ಹೋದಾಗ ನಾನು ಮೇಷ್ಟ್ರ ಮೇಲೆ ಬಿದ್ದೆ. ಮೆತ್ತೆಗಳನ್ನೆಲ್ಲ ಕಿತ್ತೆಸೆದು ಮಾತಾಡಿದೆ. "ಆಪರೇಷನ್ ಮಾಡಿಸ್ಕೊಳ್ಳದಿದ್ದರೆ ಸಾಯ್ತೀರಿ. ಅವರಿಗೆ ಹೇಳೋದಿಲ್ಲ ಅನ್ನೋಕೆ ನೀವು ಯಾರು? ನಿಮ್ಮ ಗಂಟಲು ನಿಮ್ಮದೇ ಇರಬಹುದು. ನೀವು ಸತ್ತಮೇಲಿನ ದಿನಗಳು ಯಾರವು? ಅವರವು."

"ಗುಡ್ ಪಾಯಿಂಟ್."

"ಪಾಯಿಂಟಲ್ಲ ಸರ್ ಇದು!"

ಅವರು ನನ್ನನ್ನು ನೋಡಿದರು. ಆ ನೋಟವನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. "ನಮ್ಮಪ್ಪ ಬಾಯಿದ್ದೂ ಮೂಗನಂತೆ ಸತ್ತ. ನಾನು ಅಷ್ಟು ದೂರ ನಡೆದು ಬಂದಿದ್ದು ಈ ದನಿಗೋಸ್ಕರ. ಅದನ್ನ ಕೊಯ್ದು ಬಕೆಟ್ಟಿಗೆ ಹಾಕಿ ಬದುಕು ಅಂದ್ರೆ... ಐ ಆಮ್ ನಾಟ್ ಸೋ ಶ್ಯೂರ್, ಲಾಯರಮ್ಮ. ಅವಳಿಗೆ ಹೇಳಬೇಡ. ಹೇಳಿದರೆ ಅವಳು ಅಳ್ತಾಳೆ. ಅಳುವಿಗೆ ಎದುರು ಮಾತಾಡೋದು ನನಗೆ ಬರೋದಿಲ್ಲ."

ಹೇಳುವುದಿಲ್ಲ ಎಂದು ನಾನು ಮಾತು ಕೊಡಲಿಲ್ಲ. ಹೇಳುತ್ತೇನೆ ಎಂದೂ ಅನ್ನಲಿಲ್ಲ. ಹುಟ್ಟಿದಾಗಿನಿಂದ ಇಂಥ ಮಧ್ಯದ ಜಾಗದಲ್ಲಿ ನಿಂತವಳೇ ಅಲ್ಲ ನಾನು. ಎರಡು ವಾರ ಆ ಜಾಗದಲ್ಲಿ ನಿಂತು ಕಾಲು ಸೋತವು.

ಅಷ್ಟರಲ್ಲಿ ಮಳೆ ಜೋರಾಯಿತು. ವಯನಾಡಿನ ಕಡೆ ಸುರಿದದ್ದಕ್ಕೆ ಅಣೆಕಟ್ಟೆಯಿಂದ ನೀರು ಬಿಟ್ಟರು. ಕಪಿಲೆ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳನ್ನು ನುಂಗಿ ಮಂಟಪದ ಸೊಂಟಕ್ಕೆ ಬಂತು. ಆ ನೀರೇ ಹರಿದು ನಮ್ಮೂರಿಗೆ ಬಂದು ಕಾವೇರಿಗೆ ಸೇರುವುದು. ನಾನು ಸಂಗಮದ ಮೆಟ್ಟಿಲ ಮೇಲೆ ನಿಂತು ಕೆಂಪು ನೀರು ನೋಡುತ್ತಿದ್ದೆ. ಇವತ್ತು ಬೆಳಿಗ್ಗೆ ಈ ನೀರು ಮೇಷ್ಟ್ರ ಊರು ದಾಟಿ ಬಂದಿದೆ, ಅಲ್ಲಿ ಏನಾಗುತ್ತಿದೆ ಎಂದು ಅದಕ್ಕೆ ಗೊತ್ತಿರಬಹುದು ಅನ್ನಿಸಿತು. ಇಂಥ ಮಾತು ನನ್ನ ಬಾಯಲ್ಲಿ ಬರಬಾರದು. ನೀರಿಗೆ ಏನೂ ಗೊತ್ತಿರುವುದಿಲ್ಲ. ಆದರೆ ಅವತ್ತು ಅಲ್ಲಿ ನಿಂತೇ ತೀರ್ಮಾನ ಮಾಡಿದೆ: ಈ ಭಾನುವಾರ ಹೋಗಿ ಚಿಕ್ಕತಾಯಮ್ಮನಿಗೆ ಹೇಳಿಬಿಡುವುದು.

ಬಸ್ಸು ಸುತ್ತುದಾರಿಯಲ್ಲಿ ಹೋಯಿತು. ಪ್ರವಾಹಕ್ಕೆ ಹೆದರಿ ಕ್ಲಾಸಿಗೆ ಯಾರೂ ಬಂದಿರಲಿಲ್ಲ. ಹಾಲಿನಲ್ಲಿ ಎರಡು ಕುರ್ಚಿ, ಖಾಲಿ ಚಾಪೆ. ಒಂದು ಕುರ್ಚಿಯಲ್ಲಿ ಮೇಷ್ಟ್ರು ಮಫ್ಲರು ಸುತ್ತಿಕೊಂಡು ಕೂತಿದ್ದರು. ಎದುರು ಕುರ್ಚಿಯಲ್ಲಿ ಚಿಕ್ಕತಾಯಮ್ಮ. ನಾನು ಆಕೆಯನ್ನು ಆ ಕುರ್ಚಿಯಲ್ಲಿ ಕಂಡದ್ದು ಅದೇ ಮೊದಲು.

"ಬಾವ್ವ. ನಿನ್ಗೇ ಕಾಯ್ತಿದ್ದೆ. ನೀನು ಜಡ್ಜು. ಕೂತ್ಕೊ," ಎಂದರು.

ನಾನು ಚಾಪೆಯ ಮೇಲೆ ಕೂತೆ.

"ಕನ್ನಡ್ದಲ್ಲಿ ಆಡಾಣ ಮೇಷ್ಟ್ರೇ. ‘ಬ್ಯಾಡ’ ಅನ್ನಂಗಿಲ್ಲ, ಅಷ್ಟೇ ರೂಲ್ಸು. ನಾನ್ ಏಳೋ ಮಾತು ಇದು: ನಮ್ಮ ಮೇಷ್ಟ್ರು ಆಪ್ರೇಸನ್ ಮಾಡುಸ್ಕೊಬೇಕು. ಈಗ ನೀವು ಅನ್ಮಾನ ಪಡಿ."

ಮೇಷ್ಟ್ರು ನನ್ನ ಕಡೆ ತಿರುಗಿದರು. ನಾನು ಹೇಳಿಲ್ಲ ಎಂದು ತಲೆಯಾಡಿಸಿದೆ.

"ಅವ್ಳ್ ಏನೂ ಏಳಿಲ್ಲ," ಎಂದರು ಚಿಕ್ಕತಾಯಮ್ಮ. "ಒಳ್ಳೆ ಸುದ್ದಿ ಆಗಿದ್ರೆ ಆ ಡಾಕ್ಟ್ರು ನನ್ ಮಕ ನೋಡಿ ಕನ್ನಡ್ದಲ್ಲೇ ಏಳ್ತಿದ್ದ. ಅಷ್ಟೊತ್ತು ಇಂಗ್ಲಿಸ್ನಲ್ಲಿ ಮಾತಾಡ್ದ, ಒಂದಪನೂ ನನ್ ಕಡೆ ತಿರುಗ್ನಿಲ್ಲ. ಆಗ್ಲೇ ಅಂದ್ಕೊಂಡೆ. ಆಮ್ಯಾಕೆ ಒಬ್ಳೇ ಓಗಿದ್ದೆ ಆಸ್ಪತ್ರೆಗೆ. ನಿಮ್ಮ ಕ್ಲಾಸ್ಗೆ ಬತ್ತಿದ್ಲಲ್ಲ, ಚಿಕ್ಕಯ್ಯನಛತ್ರದ ಹುಡ್ಗಿ, ಅಲ್ಲೇ ನರ್ಸು. ಕೇಳ್ದೆ. ಬಳಸ್ದೆ ಏಳುದ್ಲು. ನೀವು ಕಲ್ಸಿದ್ದ ಮರ್ತವ್ಳೆ, ಪುಣ್ಯಾತ್ಗಿತ್ತಿ."

ಮೇಷ್ಟ್ರು ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಲ್ಲುವ ತನಕ ಆಕೆ ಕಾದರು. ನೀರು ಕೊಟ್ಟು ಮತ್ತೆ ಎದುರು ಕೂತರು.

"ನೀನು ಹೇಳೋದ್ರಲ್ಲಿ ಅರ್ಥ ಇದೆ," ಎಂದು ಮೇಷ್ಟ್ರು ಶುರು ಮಾಡಿದರು. ಆ ಹರಿದ ದನಿಯಲ್ಲೂ ಕ್ಲಾಸಿನ ಗತ್ತು. "ಆದರೆ ದನಿ ಇಲ್ಲದ ಮೇಷ್ಟ್ರು ಯಾವ ಕೆಲಸಕ್ಕೆ ಬರ್ತಾನೆ ಅಂತ ನನಗೊಂದು ಸಣ್ಣ ಅನುಮಾನ."

"ಇರ್ಬೋದು. ಆದ್ರೆ ನಾನು ಮದ್ವೆ ಆಗಿದ್ದು ಮೇಷ್ಟ್ರನ್ನ ಅಂತ ನಂಗನ್ಸಾಕಿಲ್ಲ. ಆವತ್ತು ನಿಮ್ಗೆ ಕೆಲ್ಸ ಎಲ್ಲಿತ್ತು?"

"ಒಪ್ಪಿದೆ. ಆದರೂ ನಮ್ಮಪ್ಪ..."

"ನಿಮ್ಮಪ್ಪನ ಬಾಯ ಬೇರೇರು ಮುಚ್ಚಿದ್ರು. ಇದೂ ಅದೂ ಒಂದೇನಾ ಅಂತ ನಂಗೂ ಒಂದು ಅನ್ಮಾನ. ನೀವು ಆಡ್ಬೇಕಾದ್ದ ಆಡಿದ್ದೀರಿ. ಆಡಕ್ ಬರ್ದೆ ಇದ್ದೋರ್ಗೆ ಕಲ್ಸಿದ್ದೀರಿ. ಲಿಂಗರಾಜು ಕೂಡ ಈಗ ಅಂಗ್ಡೀಲಿ ‘ಐ ಆಮ್ ನಾಟ್ ಸೂರ್’ ಅಂದ್ಕೊಂಡು ಹಿಂಡಿ ತೂಗ್ತಾನೆ. ಇನ್ನೆಷ್ಟು ಬೇಕು?"

ಹೊರಗೆ ಮಳೆ ಸೂರಿನಿಂದ ಹಗ್ಗದಂತೆ ಇಳಿಯುತ್ತಿತ್ತು. ಮೇಷ್ಟ್ರು ಮಫ್ಲರಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

"ನೀನು ಆ ಆಪರೇಷನ್ ಆದವರನ್ನ ನೋಡಿಲ್ಲ," ಎಂದರು ಕೊನೆಗೆ. "ಕತ್ತಿನಲ್ಲಿ ತೂತು ಇರುತ್ತೆ. ಅದರಲ್ಲಿ ಉಸಿರಾಡಬೇಕು. ಅದು ನೋಡೋಕೆ ಅಷ್ಟು ಚೆನ್ನಾಗಿ ಇರಲಾರದು."

"ನೀವು ಈಗ್ಲೂ ನೋಡಕ್ಕೆ ಅಷ್ಟೊಂದು ಚೆನ್ನಾಗಿದ್ದೀರಾ ಅಂತ..." ಚಿಕ್ಕತಾಯಮ್ಮ ಅಲ್ಲಿಗೆ ನಿಲ್ಲಿಸಿದರು. ನಾನು ನಕ್ಕುಬಿಟ್ಟೆ. ಮೇಷ್ಟ್ರೂ ನಕ್ಕರು. ಆಕೆ ನಗಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಗಂಡನನ್ನೇ ನೋಡುತ್ತ, ಬಹಳ ಮೆತ್ತಗೆ ಹೇಳಿದರು:

"ನೀವಿಲ್ದೆ ಎಂಗಿರ್ಲಿ ಅಂತ ನಾನ್ ಕೇಳ್ತಿಲ್ಲ ಮೇಷ್ಟ್ರೇ. ಕೇಳ್ಬೋದಿತ್ತು."

ಮೇಷ್ಟ್ರ ಕೈ ಮುಂದೆ ಬಂತು. "ಬ್ಯಾಡ ಅಮ್ಮಿ," ಎಂದರು. ಊರು ಬಿಟ್ಟಮೇಲೆ ಅವರು ಬಿಟ್ಟಿದ್ದ ಹಳ್ಳಿಯ ಮಾತು ಅದು. "ಅಂಗನ್ಬ್ಯಾಡ."

ಚಿಕ್ಕತಾಯಮ್ಮ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

"ಅಂದ್ರಲ್ವಾ?"

"ಅಂದರು," ಎಂದೆ ನಾನು.

ವಾದ ಹೇಗೆ ಗೆಲ್ಲುವುದು ಎಂದು ನಾನು ಅವತ್ತಿಗಿಂತ ಮುಂಚೆ ಕಂಡಿರಲಿಲ್ಲ. ಇದಕ್ಕೆ ಯಾರಾದರೂ ಆಕ್ಷೇಪ ಎತ್ತಬಹುದು: ಅದು ವಾದವಲ್ಲ, ಪ್ರೀತಿಯ ಒತ್ತಡ, ಆಟದ ನಿಯಮಕ್ಕೆ ಕಟ್ಟುಬಿದ್ದು ಒಬ್ಬ ಮನುಷ್ಯ ತನ್ನ ದನಿಯನ್ನು ಬಿಟ್ಟುಕೊಡಬೇಕೆ? ಈ ಆಕ್ಷೇಪವನ್ನು ನಾನು ಬಸ್ಸುಗಳಲ್ಲಿ, ಬಟ್ಟೆ ಒಗೆಯುವಾಗ ನನ್ನ ಮೇಲೇ ಎಸೆದುಕೊಂಡಿದ್ದೇನೆ. ಅವರ ದನಿ ಅವರದೇ ಅನ್ನುವುದನ್ನು ಇವತ್ತಿಗೂ ಅಲ್ಲಗಳೆಯಲಾರೆ. ಆದರೆ ಮೇಷ್ಟ್ರು ಎದ್ದದ್ದನ್ನು ನಾನು ನೋಡಿದ್ದೇನೆ. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡರು. ನಾನು ಹೋಗುತ್ತೇನೆ ಎಂದರೆ ಕೇಳಲಿಲ್ಲ. ಬೀದಿಯ ಕೊನೆಯ ತನಕ ಆ ಮಳೆಯಲ್ಲಿ ನಡೆದುಹೋಗಿ ರಸಬಾಳೆ ತಂದರು. ಮೂವರೂ ಸುಲಿದು ತಿಂದೆವು. ನುಂಗುವುದು ಅವರಿಗೆ ಕಷ್ಟವಾಗುತ್ತಿತ್ತು. ಆದರೂ ತಿಂದರು.

ಮತ್ತೆ ಅದೇ ಡಾಕ್ಟರ ಕೋಣೆ. ಈ ಸಲ ಅವರು ‘ಇಟ್ ಮೇ ಬಿ ಎ ಲಿಟಲ್ ಲೇಟ್’ ಎಂದು ಶುರು ಮಾಡಿದಾಗ ಚಿಕ್ಕತಾಯಮ್ಮ ಮೇಜಿನ ಮೇಲೆ ಕೈಯಿಟ್ಟರು.

"ಸಾ, ಕನ್ನಡ್ದಲ್ಲಿ ಏಳಿ. ನಂಗೇಳಿ."

ಡಾಕ್ಟರು ತಬ್ಬಿಬ್ಬಾದರು. ಅವರು ಮಂಡ್ಯದ ಕಡೆಯವರಂತೆ. ಬಾಯಲ್ಲಿ ಅಚ್ಚ ಕನ್ನಡವೇ ಇತ್ತು. ಆದರೆ ಆ ಕನ್ನಡದಲ್ಲಿ ಇಳಿಯಲು ಮೆಟ್ಟಿಲುಗಳಿರಲಿಲ್ಲ. "ತಡ ಆಗಿದೆ ಅಮ್ಮ," ಎಂದರು. ಮತ್ತೆ, "ಮಾಡೋಣ. ಮಾಡಿದರೂ ಕಷ್ಟ ಇದೆ." ಹೇಳಿ ಮುಗಿಸಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಇಂಗ್ಲಿಷಿನಲ್ಲಿ ಹೇಳಿದಾಗ ಆಗಿರಲಿಲ್ಲ. ಅವರು ಆ ಭಾಷೆಯನ್ನು ನಮಗೆ ನೋವಾಗದಿರಲಿ ಎಂದು ಹೊದೆಸಿದ್ದಾರೆಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಹೊದ್ದುಕೊಂಡಿದ್ದವರು ಅವರೇ.

ಆಪರೇಷನ್ ಆಯಿತು. ಮೇಷ್ಟ್ರು ಮನೆಗೆ ಬಂದರು. ಭಾನುವಾರದ ಕ್ಲಾಸು ಮತ್ತೆ ನಡೆಯಿತು. ನಾನು ಮಾತಾಡುತ್ತಿದ್ದೆ, ಅವರು ಕುರ್ಚಿಯಲ್ಲಿ ಕೂತು ಎಡಗಡೆಯ ಹುಬ್ಬು ಏರಿಸುತ್ತಿದ್ದರು. ಆ ಹುಬ್ಬಿಗೆ ‘ಇಂಟರೆಸ್ಟಿಂಗ್’ ಅನ್ನಲೂ ಬರುತ್ತಿತ್ತು, ‘ನಾಟ್ ಬ್ಯಾಡ್’ ಅನ್ನಲೂ ಬರುತ್ತಿತ್ತು. ಲಿಂಗರಾಜು ಬೇಕೆಂದೇ ‘ನೋ ಸಾ’ ಎಂದು ಕೂಗಿ ಬಾಳೆಹಣ್ಣು ತರುತ್ತಿದ್ದ. ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು. ರೋಗ ಬೇರೆ ಕಡೆಯಿಂದ ತಲೆಯೆತ್ತಿತು. ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಮೇಷ್ಟ್ರು ಇರಲಿಲ್ಲ. ಬೌದ್ಧ ಭಿಕ್ಷು, ಭಂತೇಜಿಯೊಬ್ಬರು ಬಂದು ಹಾಲಿನಲ್ಲಿ ಬುದ್ಧನಿಗೆ ಶರಣು ಹೋಗುವ ತ್ರಿಸರಣ ಹೇಳಿದರು. ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಯಾರೋ ಒಂದರೊಳಗೊಂದು ಸೇರಿಸಿ ಮೂಲೆಗೆ ಇಟ್ಟಿದ್ದರು. ಆಪರೇಷನ್ ಬೇಗ ಆಗಿದ್ದರೆ ಮತ್ತಷ್ಟು ದಿನ ಇರುತ್ತಿದ್ದರೋ, ಮಾಡಿಸದೇ ಇದ್ದಿದ್ದರೆ ದನಿಯನ್ನಾದರೂ ಉಳಿಸಿಕೊಂಡು ಹೋಗಬಹುದಿತ್ತೋ, ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ನಾನು ಕಲಿತದ್ದು ಅಲ್ಲಿ.

ಆದರೆ ಬಸ್ಸಿನಲ್ಲಿ ಕಾಫಿಯ ವಾಸನೆ ಬಡಿದಾಗ ನೆನಪಾದದ್ದು ಸಾವಿನ ದಿನವಲ್ಲ. ಆಪರೇಷನ್ನಿನ ಹಿಂದಿನ ದಿನ, ಸಂಜೆ.

ಆಸ್ಪತ್ರೆಯ ವಾರ್ಡು. ಕಿಟಕಿಯಾಚೆ ಮಳೆ ಬಿಟ್ಟು ಹಳದಿ ಬಿಸಿಲು ಬಿದ್ದಿತ್ತು. ಮಾರನೆಯ ಬೆಳಿಗ್ಗೆಯ ಹೊತ್ತಿಗೆ ಮೇಷ್ಟ್ರ ದನಿ ಇರುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಏನೂ ತಿನ್ನಬಾರದು ಅನ್ನುವ ಹೊತ್ತು ಇನ್ನೂ ಶುರುವಾಗಿರಲಿಲ್ಲ. ನಾನು ದಡ್ಡಿಯಂತೆ ಕಾಯುತ್ತಿದ್ದೆ, ಅವರು ಏನಾದರೂ ದೊಡ್ಡ ಮಾತು ಹೇಳುತ್ತಾರೆ ಎಂದು. ಅಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮನುಷ್ಯ ತನ್ನ ಕೊನೆಯ ದನಿಯನ್ನು ಯಾವ ವಾಕ್ಯಕ್ಕೆ ಖರ್ಚು ಮಾಡಬಹುದು? ಅಪ್ಪನ ಬಗ್ಗೆ ಏನಾದರೂ? ನನಗೆ, ಕ್ಲಾಸಿನ ಹುಡುಗರಿಗೆ ಏನಾದರೂ?

ಅವರು ಬಿಸಿಲು ನೋಡುತ್ತಿದ್ದರು. ಚಿಕ್ಕತಾಯಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ, ಆರಿಸಿ, ಲೋಟ ಅವರ ಕೈಗೆ ಕೊಟ್ಟರು. ಗುಟುಕು ಗುಟುಕಾಗಿ, ನೋವು ತಡೆಯುತ್ತ, ಪೂರ್ತಿ ಕುಡಿದರು. ಲೋಟ ಕೆಳಗಿಟ್ಟರು. ಹೆಂಡತಿಯ ಕಡೆ ತಿರುಗಿದರು. ಉಳಿದಿದ್ದ ಆ ಸವೆದ ದನಿಯಲ್ಲಿ, ಇಂಗ್ಲಿಷಿಲ್ಲದೆ, ಮೆತ್ತೆಯಿಲ್ಲದೆ, ತಲಕಾಡಿನ ಹತ್ತಿರದ ಆ ಹಳ್ಳಿಯ ಬಾಯಲ್ಲಿ ಹೇಳಿದರು:

"ಬೋ ಚೆನ್ನಾಗದೆ ಕಣಮ್ಮಿ."

ಚಿಕ್ಕತಾಯಮ್ಮ ಲೋಟವನ್ನು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲಿಲ್ಲ. ಆಮೇಲೆ ಕ್ಲಾಸಿನ ಎದುರು ಕುರ್ಚಿಯಲ್ಲಿ ಕೂತವರಂತೆ ನೆಟ್ಟಗಾಗಿ, ಗಂಡನನ್ನು ನೋಡಿ ಅಂದರು:

"ನಂಗ್ಯಾಕೋ ಅನ್ಮಾನ."